ಮಹಾನ್ ನಿರ್ದೇಶಕರ ಕೊನೆಗಾಲದ ಸಿನಿಮಾ ಸಪ್ಪೆಯಾಗೋದು ವಯಸ್ಸಿಂದಲೋ, ಜೊತೆಗಾರರು ದೂರವಾಗೋದ್ರಿಂದಲೋ?

ಮ್ಯಾಟಿನಿ ಪ್ರೇಮಿ:
ಜಪಾನಿನ ನಿರ್ದೇಶಕ ಕುರೊಸಾವಾ ಸಿನಿಮಾಗಳನ್ನ ವರ್ಷದ ಕ್ರಮದಲ್ಲೇ ನೋಡ್ತಾ ಬಂದೆ. 1990ರ 'ಡ್ರೀಮ್ಸ್' ಹೊತ್ತಿಗೆ ಒಂದೊಂದು ಫ್ರೇಮೂ ಗೋಡೆಗೆ ತೂಗುಹಾಕೋ ಹಾಗಿದೆ, ಆದ್ರೆ ಪಾತ್ರಗಳು ನಿಂತು ಉಪದೇಶ ಮಾಡ್ತವೆ. 'ಸೆವೆನ್ ಸಮುರಾಯ್' ಮಾಡಿದವರೇನಾ ಇವರು ಅನ್ನಿಸ್ತು. ಅವರ ಖಾಯಂ ನಾಯಕನಟ ಮಿಫುನೆ ಜೊತೆ ಬಿಟ್ಟಿದ್ದೇ ಕಾರಣ ಅಂತ ಎಲ್ಲೆಲ್ಲೂ ಓದ್ತೀನಿ. ನಿಜಾನಾ? ಇಲ್ಲಾ ವಯಸ್ಸಾದ್ರೆ ಎಲ್ಲರದ್ದೂ ಇದೇ ಕಥೆನಾ?

ಕತ್ತರಿ ಕೆಲಸ:
ನಾನು ಅಸೋಸಿಯೇಟ್ ಎಡಿಟರ್, ಹಾಗಾಗಿ ಪರದೆ ಮೇಲಿರೋರಿಗಿಂತ ಟೈಟಲ್ ಕಾರ್ಡ್ ಕಡೆ ಕಣ್ಣು ಜಾಸ್ತಿ ಹೋಗುತ್ತೆ. ಮಿಫುನೆ 1948ರಿಂದ 1965ರವರೆಗೆ ಕುರೊಸಾವಾ ಜೊತೆ 16 ಸಿನಿಮಾ ಮಾಡಿದ್ರು, ಸರಿ. ಆದ್ರೆ ಚಿತ್ರಕಥೆಯ ಕಾರ್ಡ್ ನೋಡಿ. 'ಸೆವೆನ್ ಸಮುರಾಯ್'ಗೆ ಮೂರು ಹೆಸರು: ಕುರೊಸಾವಾ, ಹಶಿಮೊಟೊ, ಒಗುನಿ. ಒಂದು ವಸತಿಗೃಹದಲ್ಲಿ ಬೀಡುಬಿಟ್ಟು, ಒಂದೇ ದೃಶ್ಯವನ್ನ ಇಬ್ಬರು ಬೇರೆಬೇರೆ ಬರೆದು, ಚೆನ್ನಾಗಿರೋದನ್ನ ಉಳಿಸಿಕೊಳ್ತಿದ್ರು. ಒಗುನಿ ಕೆಲಸ ಮುಖ್ಯವಾಗಿ ಓದಿ ತೀರ್ಪು ಕೊಡೋದು. ಅವರು ತಲೆಯಾಡಿಸದಿದ್ರೆ ಹಾಳೆ ವಾಪಸ್, ನಿರ್ದೇಶಕರೇ ಬರೆದಿದ್ರೂ ಸರಿ. 'ಇಕಿರು'ದಲ್ಲಿ ನಾಯಕ ಸಿನಿಮಾ ಇನ್ನೂ ಬಾಕಿ ಇರುವಾಗಲೇ ಸತ್ತುಹೋಗ್ತಾನಲ್ಲ, ಉಳಿದ ಕಥೆ ಪೂರ್ತಿ ಶವಸಂಸ್ಕಾರಕ್ಕೆ ಬಂದ ಸಹೋದ್ಯೋಗಿಗಳ ಬಾಯಲ್ಲಿ ಬಿಚ್ಚಿಕೊಳ್ಳುತ್ತಲ್ಲ, ಆ ಐಡಿಯಾ ಒಗುನಿದು.

ಈಗ ಕೊನೆಯ ಮೂರು ಸಿನಿಮಾಗಳ ಕಾರ್ಡ್ ನೋಡಿ. ಚಿತ್ರಕಥೆ ಕುರೊಸಾವಾ ಒಬ್ಬರದ್ದೇ. ವಯಸ್ಸೇ ಕಾರಣ ಆಗಿದ್ರೆ 1985ರ 'ರಾನ್' ಹೇಗೆ ಬಂತು? ಆಗ ಅವರಿಗೆ 75. ಆದ್ರೆ ಅದರ ಬರವಣಿಗೆಯಲ್ಲಿ ಒಗುನಿನೂ ಇದ್ರು, ಇಡೆ ಅನ್ನೋ ಇನ್ನೊಬ್ಬ ಬರಹಗಾರರೂ ಇದ್ರು.

ಹಿಚ್‌ಕಾಕ್ ವಿಷಯ ಇನ್ನೂ ಸ್ಪಷ್ಟ. ಕ್ಯಾಮೆರಾಮನ್ ಬರ್ಕ್ಸ್, ಎಡಿಟರ್ ತೊಮಾಸಿನಿ, ಸಂಗೀತದ ಹರ್ಮನ್, ಮೂವರೂ ಒಟ್ಟಿಗಿದ್ದ ಕೊನೆ ಸಿನಿಮಾ 1964ರ 'ಮಾರ್ನಿ'. ಅದೇ ವರ್ಷ ತೊಮಾಸಿನಿ ತೀರಿಕೊಂಡ್ರು, 1968ರಲ್ಲಿ ಬರ್ಕ್ಸ್ ಕೂಡ. ಹರ್ಮನ್ ಕಥೆ ಬೇರೆ. 1960ರಲ್ಲಿ 'ಸೈಕೋ'ದ ಸ್ನಾನದ ಮನೆ ಕೊಲೆಗೆ ಸಂಗೀತವೇ ಬೇಡ ಅಂದಿದ್ರು ಹಿಚ್‌ಕಾಕ್. ಹರ್ಮನ್ ಮಾತು ಕೇಳಲಿಲ್ಲ, ಬರೆದೇ ಬಿಟ್ರು. ಹಿಚ್‌ಕಾಕ್ ಕೇಳಿದ್ರು, ಒಪ್ಪಿದ್ರು. ಆ ಪಿಟೀಲುಗಳ ಕಿರುಚಾಟ ಇಲ್ಲದೆ ಆ ದೃಶ್ಯವನ್ನ ಈಗ ಯಾರಾದ್ರೂ ನೆನಪಿಸಿಕೊಳ್ಳೋಕಾಗುತ್ತಾ? 1966ರ 'ಟೋರ್ನ್ ಕರ್ಟನ್'ನಲ್ಲಿ ಒಂದು ತೋಟದ ಮನೆ ಕೊಲೆಗೂ ಸಂಗೀತ ಬೇಡ ಅಂದ್ರು. ಹರ್ಮನ್ ಮತ್ತೆ ಬರೆದ್ರು. ಈ ಸಲ ಇಡೀ ಸಿನಿಮಾದ ಸಂಗೀತವನ್ನೇ ಪಕ್ಕಕ್ಕಿಟ್ಟು ಬೇರೆಯವರನ್ನ ಕರೆಸಿದ್ರು. ಸ್ಟುಡಿಯೋಗೆ ಜನ ಗುನುಗುವಂಥ ಸಂಗೀತ ಬೇಕಿತ್ತು, ಆ ಒತ್ತಡನೂ ಇತ್ತು ಅನ್ನಿ. ಆದ್ರೂ ಇಬ್ಬರೂ ಮತ್ತೆ ಜೊತೆಯಾಗಲೇ ಇಲ್ಲ.

ನಾನು ಕೆಲಸ ಮಾಡಿದ ಒಬ್ಬ ನಿರ್ದೇಶಕರು ಮೊದಲೆಲ್ಲ ರಫ್ ಕಟ್ (ಸಿನಿಮಾದ ಮೊದಲ ಕಚ್ಚಾ ಜೋಡಣೆ) ಮುಗಿದ ಮೇಲೆ "ಎಲ್ಲಿ ಬೋರ್ ಆಯ್ತು?" ಅಂತ ಕೇಳ್ತಿದ್ರು. ಎರಡು ಹಿಟ್ ಆದ್ಮೇಲೆ "ಹೇಗಿದೆ?" ಅಂತ ಕೇಳೋಕೆ ಶುರು ಮಾಡಿದ್ರು. ಹೇಗಿದೆ ಅಂದ್ರೆ ಚೆನ್ನಾಗಿದೆ ಸರ್ ಅನ್ನದೆ ಇನ್ನೇನಂತಾರೆ ಹೇಳಿ!

ಚಾರುಲತೆ ಅಭಿಮಾನಿ:
ಮೇಡಂ, ಸತ್ಯಜಿತ್ ರಾಯ್‌ಗೆ ಇದು ಹೊಂದಲ್ಲ. 1961ರಿಂದ ಸಂಗೀತ ತಾವೇ ಮಾಡಿದ್ರು, ಆಮೇಲೆ ಕ್ಯಾಮೆರಾಗೂ ತಾವೇ ಕಣ್ಣಿಟ್ರು. ಒಬ್ಬರೇ ಎಲ್ಲ ಕೈಗೆತ್ತಿಕೊಂಡ ಮೇಲೇ 1964ರಲ್ಲಿ 'ಚಾರುಲತಾ' ಬಂದಿದ್ದು. ಕೊನೆಗಾಲದ ಸಿನಿಮಾಗಳಿಗೆ ಅವರ ದೇಹ ಕಾರಣ. 1983ರಲ್ಲಿ ಹೃದಯಾಘಾತ. 1989ರ 'ಗಣಶತ್ರು' ಪೂರ್ತಿ ನಾಲ್ಕು ಗೋಡೆ ಒಳಗೆ ತೆಗೆದಿದ್ದು ವೈದ್ಯರ ಮಾತಿಗೆ ಕಟ್ಟುಬಿದ್ದು.

ಕತ್ತರಿ ಕೆಲಸ:
ಒಬ್ಬರೇ ಅನ್ನಬೇಡಿ ಸರ್. 'ಚಾರುಲತಾ'ದ ಬೆಳಕು ಸುಬ್ರತ ಮಿತ್ರ ಅವರದ್ದು, ಆ ಮನೆಯ ಸೆಟ್ ಬನ್ಸಿ ಚಂದ್ರಗುಪ್ತ ಅವರದ್ದು, ಸಂಕಲನ ದುಲಾಲ್ ದತ್ತ. ರಾಯ್ ಮಾತಿಗೆ ಸುಮ್ಮನೆ ಹೂಂ ಅನ್ನೋ ಪೈಕಿ ಅಲ್ಲ ಮಿತ್ರ. 1966ರ 'ನಾಯಕ್' ಆದ್ಮೇಲೆ ಅವರು ರಾಯ್ ಜೊತೆ ಕೆಲಸ ಮಾಡಲಿಲ್ಲ.

ದೇಹದ ಮಾತು ಒಪ್ತೀನಿ. ಆದ್ರೆ ವೈದ್ಯರು ಹೇಳಿದ್ದು ಒಳಗೇ ಇರಿ ಅಂತ, ಸಂಭಾಷಣೆ ಬಿಗಿ ಬಿಡಿ ಅಂತ ಅಲ್ಲವಲ್ಲ. 1991ರ 'ಆಗಂತುಕ್' ನೋಡಿ. ಅದೂ ಬಹುಪಾಲು ಒಂದೇ ಮನೆಯೊಳಗೆ, ಅದೂ ಮಾತೇ ಮಾತು. ಆದ್ರೂ ಉಸಿರಾಡುತ್ತೆ. ಯಾಕಂದ್ರೆ ಅಲ್ಲಿ ಉತ್ಪಲ್ ದತ್ ಪಾತ್ರವನ್ನ ಒಬ್ಬ ಬ್ಯಾರಿಸ್ಟರ್ ಎದುರು ಕೂತು ಜಗ್ಗಾಡ್ತಾನೆ. ರಾಯ್ ತಮ್ಮ ಎದುರಾಳಿಯನ್ನ ಚಿತ್ರಕಥೆಯೊಳಗೇ ಕೂರಿಸಿಕೊಂಡ್ರು ಅಂತ ನನ್ನ ಅನಿಸಿಕೆ.

ಇಂಟರ್‌ವಲ್:
ಹಾಗಾದ್ರೆ ಹಾಲಿವುಡ್ ನಿರ್ದೇಶಕ ಬಿಲ್ಲಿ ವೈಲ್ಡರ್? ಬರಹಗಾರ ಡೈಮಂಡ್ 1957ರಿಂದ 1981ರ ಕೊನೆ ಸಿನಿಮಾ ತನಕ ಜೊತೆಗೇ ಇದ್ರು. ಆ ಕೊನೆ ಸಿನಿಮಾ ಮಕಾಡೆ ಮಲಗ್ತು!

ಕತ್ತರಿ ಕೆಲಸ:
ಜೊತೆಗಿದ್ರೆ ಸಾಲದು ಅನ್ನೋಕೆ ಒಳ್ಳೇ ಉದಾಹರಣೆ ಕೊಟ್ರಿ. ಇಪ್ಪತ್ತು ಚಿಲ್ಲರೆ ವರ್ಷ ಒಂದೇ ಕೋಣೇಲಿ ಕೂತವರು ಒಬ್ಬರ ಜೋಕಿಗೆ ಇನ್ನೊಬ್ಬರು ಮೊದಲೇ ನಗ್ತಾರೆ. ಕುರೊಸಾವಾ ಕೋಣೆಗೆ ಮೂರನೆಯವರು ಯಾಕೆ ಬೇಕಿತ್ತು ಅನ್ನೋದು ಇದಕ್ಕೇ.

ಮ್ಯಾಟಿನಿ ಪ್ರೇಮಿ:
ಮೇಡಂ, ಹರ್ಮನ್ ಬರೆದಿದ್ದ ಆ ತಿರಸ್ಕೃತ ಸಂಗೀತ ಕೇಳೋಕೆ ಸಿಗುತ್ತಾ?

ಕತ್ತರಿ ಕೆಲಸ:
ಸಿಗುತ್ತೆ, ಆಮೇಲೆ ರೆಕಾರ್ಡ್ ಆಗಿದೆ. ತೋಟದ ಮನೆ ದೃಶ್ಯವನ್ನ ಮೊದಲು ಸಿನಿಮಾದಲ್ಲಿ ಇರೋ ಹಾಗೇ ನೋಡಿ: ಸಂಗೀತ ಇಲ್ಲ, ಒಬ್ಬ ಮನುಷ್ಯನನ್ನ ಕೊಲ್ಲೋಕೆ ಎಷ್ಟು ಹೊತ್ತು, ಎಷ್ಟು ಕಷ್ಟ ಅಂತ ಬರೀ ಉಸಿರಿನ ಸದ್ದಲ್ಲಿ ಗೊತ್ತಾಗುತ್ತೆ. ಆಮೇಲೆ ಹರ್ಮನ್ ಸಂಗೀತ ಕೂಡಿಸಿ ನೋಡಿ. ಇಷ್ಟೆಲ್ಲ ವಾದ ಮಾಡಿದ ನನಗೇ ಆ ಒಂದು ದೃಶ್ಯದ ಮಟ್ಟಿಗೆ ಹಿಚ್‌ಕಾಕ್ ಹೇಳಿದ್ದೇ ಸರಿ ಅನ್ಸುತ್ತೆ. ಉಳಿದ ಸಿನಿಮಾಗೆ ಮಾತ್ರ ಹರ್ಮನ್ ಬೇಕಿತ್ತು.