ಅಪ್‌ಡೇಟ್: ಲ್ಯಾನ್ಸರ್ ಇವೊಲ್ಯೂಷನ್ 10ರ ನಾಕಿಂಗ್‌ಗೆ ಕಾರಣ ಸಿಕ್ಕಿತು

ನನ್ನ ಈ ಮಿತ್ಸುಬಿಷಿ ಕಾರಿಗೆ ದೊಡ್ಡ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಹಾಕಿಸಿ ಬೂಸ್ಟನ್ನು, ಅಂದರೆ ಅದು ತುಂಬುವ ಗಾಳಿಯ ಒತ್ತಡವನ್ನು, 1.6 ಬಾರ್‌ಗೆ ಏರಿಸಿದ ಮೇಲೆ, 5,500 ಆರ್‌ಪಿಎಂ ದಾಟಿದೊಡನೆ ಎಂಜಿನ್ ನಾಕ್ ಆಗುತ್ತಿದೆ (ಇಂಧನ ಸರಿಯಾಗಿ ಉರಿಯದೆ ಸಿಡಿದು ಬಡಿಯುವ ಸದ್ದು), ಕಾರಣವೇನು ಎಂದು ಇಲ್ಲಿ ನಿಮ್ಮನ್ನು ಕೇಳಿದ್ದೆ. ಗಾಳಿ-ಇಂಧನ ಅನುಪಾತ 11.5ರಿಂದ 13ಕ್ಕೆ ಏರುತ್ತಿತ್ತು, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಾಲುತ್ತಿರಲಿಲ್ಲ. ಮ್ಯಾಪ್‌ನಲ್ಲೇ (ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್‌ನಲ್ಲೇ) ಇಂಧನ ಹೆಚ್ಚಿಸಿ ಎಂದು ಹಲವರು ಹೇಳಿದ್ದಿರಿ. ಹಾಗೆ ಮಾಡದಿದ್ದುದು ಒಳ್ಳೆಯದಾಯಿತು.

ತಪ್ಪು ವೈರಿಂಗ್‌ನಲ್ಲಿತ್ತು! ಕೋಲಾರದ ಟಮಕದಲ್ಲಿರುವ ನಮ್ಮ ಮೆಕ್ಯಾನಿಕ್ ಅಣ್ಣ ಮಲ್ಟಿಮೀಟರ್ ಹಿಡಿದು ನೋಡಿದಾಗ, ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೂ ಇಂಧನ ಪಂಪ್‌ಗೆ ತಲುಪುತ್ತಿದ್ದುದು 11.2 ಮಾತ್ರ. ಬೂಸ್ಟ್ ಏರಿದಷ್ಟೂ ರೈಲ್‌ನ (ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ಕೊಳವೆಯ) ಒತ್ತಡವೂ ಏರಬೇಕು. ಆ ಹೊತ್ತಿಗೇ ಪಂಪ್ ಸೋಲುತ್ತಿತ್ತು. ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದು, ಫ್ಯೂಸ್ ಮತ್ತು ಹೊಸ ರಿಲೇ ಹಾಕಿದೆವು. ಈಗ 13.5 ವೋಲ್ಟ್ ಬರುತ್ತಿದೆ.

ಕಳೆದ ವಾರ ಬೆಂಗಳೂರಿನ ಡೈನೊ (ಕಾರಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಮತ್ತೆ ಓಡಿಸಿದೆವು. ಅನುಪಾತ ಕೊನೆಯವರೆಗೂ 11.5ರಲ್ಲೇ ನಿಂತಿತು, ನಾಕ್ ಇಲ್ಲ. ಈ ಕಾರಿನ 4ಬಿ11 ಎಂಜಿನ್ ಬರೀ 2 ಲೀಟರಿನದು. ಅದರ ದನಿ ಕೇಳಿ ನನಗೆ ಕಣ್ಣು ತುಂಬಿ ಬಂತು.

ನಮ್ಮೂರು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ, ಗಾಳಿ ತೆಳು. ಅಷ್ಟೇ ಬೂಸ್ಟಿಗೆ ಟರ್ಬೊ ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ. ಆದ್ದರಿಂದ 1.5 ಬಾರ್‌ಗೆ ಇಳಿಸಿಕೊಂಡಿದ್ದೇನೆ. ವೋಲ್ಟೇಜ್ ಅಳೆದು ನೋಡಿ ಎಂದು ಮೊದಲು ಬರೆದವರಿಗೆ ನಾನು ಋಣಿ.