ಮಗನ ಮೊದಲ ಓಟು, ಅವನು ಕೇಳಿದ ಪ್ರಶ್ನೆ

ಸುಮಾ, ಅಟ್ಲಾಂಟಾ
ಎಲ್ಲರಿಗೂ ನಮಸ್ಕಾರ. ಮಗ 2024ರ ನವೆಂಬರ್‌ನಲ್ಲಿ ಮೊದಲ ಸಲ ಓಟು ಹಾಕಿದ. ಸ್ಕ್ರೀನ್ ಮೇಲೆ ಒತ್ತಿದ ಮೇಲೆ ಒಂದು ಹಾಳೆ ಪ್ರಿಂಟ್ ಆಗಿ ಬಂತು. ಅದರಲ್ಲಿ ಹೆಸರುಗಳು, ಜೊತೆಗೊಂದು ಕ್ಯೂಆರ್ ಚೌಕ. "ಅಮ್ಮಾ, ಸ್ಕ್ಯಾನರ್ ಎಣಿಸೋದು ಈ ಚೌಕವನ್ನು. ಇದು ನನಗೆ ಓದೋಕೆ ಬರಲ್ಲ. ಮೆಷಿನ್ ಮಾಡಿದ್ದು ಯಾವುದೋ ಪ್ರೈವೇಟ್ ಕಂಪನಿ" ಅಂದ. ಇನ್ನು ಹಾಕಲ್ವಂತೆ. ಊರಲ್ಲಿ ಅಪ್ಪ ಬೆಳಗ್ಗೆ ಏಳಕ್ಕೇ ಸ್ನಾನ ಮುಗಿಸಿ ಶಾಲೆ ಮುಂದೆ ಸಾಲಲ್ಲಿ ನಿಂತಿರುತ್ತಿದ್ದರು. ಇವನಿಗೆ ಏನು ಹೇಳಲಿ? ಚೌಕ ಇಲ್ಲದೆ ಓಟು ಹಾಕುವ ದಾರಿ ಇದೆಯಾ?

ರಘು, ಆಲ್ಫರೆಟ್ಟಾ
ಇದೆ. ನಮ್ಮ ಜಾರ್ಜಿಯಾ ರಾಜ್ಯದಲ್ಲಿ ಕಾರಣ ಹೇಳದೆ ಅಂಚೆ ಮತಪತ್ರ ಕೇಳಬಹುದು. ಪೆನ್ನಲ್ಲಿ ಗುರುತು ಹಾಕುವುದು, ಅಷ್ಟೇ. ಅರ್ಜಿ ಚುನಾವಣೆಗೆ 11 ದಿನ ಮೊದಲೇ ತಲುಪಬೇಕು. ಇನ್ನೊಂದು, 2020ರ ಅಧ್ಯಕ್ಷರ ಚುನಾವಣೆಯಲ್ಲಿ ಇಲ್ಲಿ ಸುಮಾರು 50 ಲಕ್ಷ ಓಟುಗಳ ಕಾಗದವನ್ನು ಕೈಯಲ್ಲೇ ಎಣಿಸಿದರು. ಗೆದ್ದವರು ಬದಲಾಗಲಿಲ್ಲ. ಇದನ್ನು ಅವನಿಗೆ ಹೇಳಿ. ಕ್ಯೂಆರ್ ತೆಗೆಯಬೇಕು ಅಂತ 2024ರಲ್ಲೇ ಕಾನೂನೂ ಆಗಿದೆ.

ಶ್ರೀಧರ್, ಟ್ಯಾಂಪಾ
ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ! 2006ರಲ್ಲಿ ನಮ್ಮ ಫ್ಲೋರಿಡಾದ ಸರಸೋಟಾ ಕೌಂಟಿಯಲ್ಲಿ ಏನಾಯಿತು? ಅಮೆರಿಕದ ಸಂಸತ್ತಿನ (ಕಾಂಗ್ರೆಸ್‌ನ) ಒಂದು ಸೀಟಿಗೆ ಸುಮಾರು 18,000 ಜನರ ಓಟು ಖಾಲಿ. ಗೆಲುವಿನ ಅಂತರ 369. ಮರುಎಣಿಕೆಗೆ ಕಾಗದವೇ ಇಲ್ಲ. ಸೋತವರು ಸಾಫ್ಟ್‌ವೇರ್ ತೋರಿಸಿ ಅಂದರೆ, ಅದು ಕಂಪನಿಯ ವ್ಯಾಪಾರದ ಗುಟ್ಟು ಅಂತ ಕೋರ್ಟು ಕೊಡಿಸಲಿಲ್ಲ. ಅದಕ್ಕೂ ಮೊದಲು, 2003ರಲ್ಲಿ, ಡೀಬೋಲ್ಡ್ ಮುಖ್ಯಸ್ಥರು ಒಹಾಯೊ ರಾಜ್ಯ ಬುಷ್‌ಗೆ ಸಿಗುವಂತೆ ನೆರವಾಗಲು ಬದ್ಧ ಅಂತ ಪತ್ರ ಬರೆದಿದ್ದರು. ಅದೇ ಕಂಪನಿ ಓಟಿನ ಮೆಷಿನ್ ಮಾರುತ್ತಿತ್ತು! ನಮ್ಮ ಓಟು ಎಣಿಸುವ ಲೆಕ್ಕ ನಮಗೇ ಗುಟ್ಟಾಗಿರಬಾರದು.

ವನಜಾ, ನ್ಯೂಜೆರ್ಸಿ
ನಮ್ಮ ತಂದೆ ಜಾಲಹಳ್ಳಿ ಬಿಇಎಲ್‌ನಲ್ಲಿದ್ದರು. ಇಂಡಿಯಾದ ಇವಿಎಂ ಮಾಡೋದು ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್. ಎರಡೂ ಸರ್ಕಾರದ್ದೇ. ಚುನಾವಣೆ ಬಂದರೆ ಟಿವಿಯಲ್ಲಿ ಮೆಷಿನ್ ತೋರಿಸಿ, "ನೋಡು, ನಮ್ಮ ಫ್ಯಾಕ್ಟರಿದು" ಅನ್ನುತ್ತಿದ್ದರು. ಮಕ್ಕಳಿಗೆ ಇಂಥದ್ದೆಲ್ಲ ಗೊತ್ತಿರಬೇಕು ಸುಮಾ. ಕನ್ನಡ ಕ್ಲಾಸಿಗೆ ಕಳಿಸ್ತೀರಾ?

ಶ್ರೀಧರ್, ಟ್ಯಾಂಪಾ
ಅಕ್ಕಾ, ಸರ್ಕಾರದ ಕಂಪನಿ ಅಂದರೆ ಸಾಕಾ? 2013ರಲ್ಲಿ ಇಂಡಿಯಾದ ಸುಪ್ರೀಂ ಕೋರ್ಟೇ ಕಾಗದದ ಚೀಟಿ ಬೇಕೇ ಬೇಕು ಅಂದಿತು. ಅದಕ್ಕೇ ಈಗ 7 ಸೆಕೆಂಡು ಚೀಟಿ ಕಾಣೋದು.

ವನಜಾ, ನ್ಯೂಜೆರ್ಸಿ
ಆ ಚೀಟಿ ಮೆಷಿನ್ ಮಾಡಿದ್ದೂ ಅದೇ ಬಿಇಎಲ್, ಇಸಿಐಎಲ್‌ನವರೇ.

ಮಂಜುನಾಥ್, ಡಲ್ಲಾಸ್
ಇದನ್ನೆಲ್ಲ ಓದಿ ಬೇಜಾರಾಯಿತು. 22 ವರ್ಷ ಆಯಿತು ಬಂದು. ಇಂಡಿಯಾ ಪಾಸ್‌ಪೋರ್ಟ್ ಇದ್ದಾಗ ಊರಿಗೇ ಹೋಗಿ ಹಾಕಬೇಕಿತ್ತು, ರಜೆ ಸಿಗಲಿಲ್ಲ. ಇಲ್ಲಿ ಸಿಟಿಜನ್ ಆದೆ, ಕೆಲಸ ಕೆಲಸ ಅಂತ ಇಲ್ಲೂ ಹಾಕಲಿಲ್ಲ. ಮೊನ್ನೆ ಮಗಳಿಗೆ ಓಟಿನ ಬಗ್ಗೆ ಹೇಳಲು ಹೋದೆ. "ನೀವೇ ಹಾಕಿಲ್ವಲ್ಲಪ್ಪಾ" ಅಂದಳು. ಬಾಯಿ ಕಟ್ಟಿತು. ಸುಮಾ ಅವರೇ, ನಿಮ್ಮ ಮಗ ಸಿಟ್ಟಲ್ಲಾದರೂ ಕೇಳುತ್ತಿದ್ದಾನೆ.

ಶ್ರೀಧರ್, ಟ್ಯಾಂಪಾ
ಕಂಪನಿಗಳ ಕೈಯಿಂದ ಇದನ್ನು ಬಿಡಿಸದೆ ಮಕ್ಕಳಿಗೆ ಏನು ಹೇಳಿದರೂ ನಾಟಲ್ಲ. ಅಂಚೆ ಮತಪತ್ರವನ್ನು ಎಣಿಸೋದೂ ಕಂಪನಿಯ ಸ್ಕ್ಯಾನರೇ ಅಲ್ವಾ?

ಸುಮಾ, ಅಟ್ಲಾಂಟಾ
ರಘು ಅವರೇ, ಆ ಅರ್ಜಿ ಎಲ್ಲಿ ಸಿಗುತ್ತೆ? ಮಗ ಪಕ್ಕದಲ್ಲೇ ಕೂತು ಓದುತ್ತಿದ್ದಾನೆ.