ಸ್ವೈಪ್ ಮೆಷಿನ್ ಹಾಕಿಸಿಕೊಂಡವರ ಅನುಭವವೇನು?

ಕೋರಿಕೆ: ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಸಣ್ಣ ಚಪ್ಪಲಿ ಅಂಗಡಿಯಿದೆ. ಯುಪಿಐ ಇದ್ದರೂ ಮದುವೆ ದಿನಗಳಲ್ಲಿ ಕಾರ್ಡ್ ಹಿಡಿದು ಬಂದವರು ತಿರುಗಿ ಹೋಗುತ್ತಾರೆ. ಮೆಷಿನ್ ಕೊಡಲು ಬಂದವರು ಶುಲ್ಕ 'ಎರಡು ಪರ್ಸೆಂಟಿನ ಒಳಗೆ' ಎಂದಷ್ಟೇ ಹೇಳುತ್ತಾರೆ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಚೌಕಿಪೇಟೆಯ ಸೀರೆ ಅಂಗಡಿಯವರು: ಅದೇ ಮಾತಿಗೆ ನಾನೂ ಸಹಿ ಹಾಕಿದ್ದೆ. ಶುಲ್ಕ ಬೀಳುವುದು ಲಾಭದ ಮೇಲಲ್ಲ, ಬಿಲ್ಲಿನ ಪೂರ್ತಿ ಮೊತ್ತದ ಮೇಲೆ ಎಂಬುದು ನನಗೆ ನಾಟಿದ್ದು, ಕ್ರೆಡಿಟ್ ಕಾರ್ಡಿಗೆ 10,000 ರೂಪಾಯಿಯ ರೇಷ್ಮೆ ಸೀರೆ ಕೊಟ್ಟ ಮರುದಿನ ಖಾತೆಗೆ 9,787 ರೂಪಾಯಿ 60 ಪೈಸೆ ಜಮೆಯಾದಾಗ. 1.8 ಪರ್ಸೆಂಟಿನಂತೆ 180 ರೂಪಾಯಿ, ಅದಕ್ಕೆ ಶೇ 18ರ ಜಿಎಸ್‌ಟಿ 32 ರೂಪಾಯಿ 40 ಪೈಸೆ. ಚೌಕಾಸಿ ಮುಗಿದ ಮೇಲೆ ಆ ಸೀರೆಯಲ್ಲಿ ಉಳಿದಿದ್ದದ್ದೇ 1,200. ವಾರದೊಳಗೆ ಸೀರೆ ವಾಪಸು ಬಂತು. ಕಡಿತವಾದ ಶುಲ್ಕ ಬರಲಿಲ್ಲ.

ಆದ್ದರಿಂದ ಒಂದೇ ದರಕ್ಕೆ ಒಪ್ಪದೆ, ಕಾರ್ಡಿನ ಬಗೆಗೊಂದರಂತೆ ದರ ಬರೆಸಿಕೊಳ್ಳಿ. ರಿಸರ್ವ್ ಬ್ಯಾಂಕ್ 2018ರ ಜನವರಿಯಿಂದ ಡೆಬಿಟ್ ಕಾರ್ಡಿಗೆ ಮಿತಿ ಹಾಕಿದ್ದು, ಹಿಂದಿನ ವರ್ಷದ ವಹಿವಾಟು 20 ಲಕ್ಷ ದಾಟದವರಿಗೆ ಮೆಷಿನ್ ಮೂಲಕ ಶೇ 0.40, ದಾಟಿದವರಿಗೆ ಶೇ 0.90 ಮೀರುವಂತಿಲ್ಲ. ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿಯಿಂದ ಶುಲ್ಕವೇ ಇಲ್ಲ. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿಯಿಲ್ಲ. ಚೌಕಾಸಿ ಮಾಡಬೇಕಾದದ್ದು ಅಲ್ಲಿಯೇ. ನನ್ನನ್ನು 20 ಲಕ್ಷ ದಾಟಿದವರ ಪಟ್ಟಿಗೆ ಸೇರಿಸಿದ್ದರು. ವಹಿವಾಟಿನ ದಾಖಲೆ ತೋರಿಸಿ ಕೇಳಿದ ಮೇಲೆಯೇ ಸರಿಪಡಿಸಿದರು, ಹಿಂದೆ ಹೋದದ್ದು ಹೋಯಿತು.

ಚಿತ್ರದುರ್ಗದ ಪಾತ್ರೆ ಅಂಗಡಿಯವರು: ಮೇಲಿನವರ ಲೆಕ್ಕಕ್ಕೆ ಒಂದು ಸೇರ್ಪಡೆ. ಸಾಮಾನ್ಯ ಜಿಎಸ್‌ಟಿ ನೋಂದಣಿ ಇದ್ದವರು ಶುಲ್ಕದ ಮೇಲಿನ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು ಪಡೆಯಬಹುದು, ನನ್ನಂತೆ ಕಾಂಪೋಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಯೋಜನೆ) ಇರುವವರಿಗೆ ಅದೂ ಇಲ್ಲ. 'ಕಾರ್ಡಾದರೆ ಎರಡು ಪರ್ಸೆಂಟ್ ಜಾಸ್ತಿ' ಎಂದು ನಾನು ಕೆಲವು ದಿನ ಬೋರ್ಡ್ ಹಾಕಿದ್ದೆ; ಡೆಬಿಟ್ ಕಾರ್ಡಿಗೆ ಹಾಗೆ ವಸೂಲು ಮಾಡುವಂತಿಲ್ಲ ಎಂದು ಗಿರಾಕಿಯೊಬ್ಬರು ತಿಳಿಸಿದ ಮೇಲೆ ತೆಗೆದೆ. ತೆಗೆದದ್ದು ಒಳ್ಳೆಯದೇ ಆಯಿತು, ಆ ಬೋರ್ಡ್ ನೋಡಿಯೇ ಮೆಟ್ಟಿಲಿಳಿದು ಹೋದವರಿದ್ದರು.

ಮಂಡಿಪೇಟೆಯಿಂದ ಇನ್ನೊಬ್ಬರು: ಶುಲ್ಕಕ್ಕಿಂತ ನನ್ನನ್ನು ಕಾಡಿದ್ದು ಮೆಷಿನ್ ಬಾಡಿಗೆ. ಆಷಾಢದಲ್ಲಿ ಇಡೀ ತಿಂಗಳಿಗೆ ಮೂರೇ ಕಾರ್ಡ್ ಉಜ್ಜಿದರೂ ಬಾಡಿಗೆ ತಪ್ಪಲಿಲ್ಲ. ನಿಮ್ಮ ವ್ಯಾಪಾರವೂ ಮದುವೆ ಕಾಲಕ್ಕೇ ಹೆಚ್ಚೆನ್ನುವುದಾದರೆ ಬಾಡಿಗೆಯಿಲ್ಲದ ಮೆಷಿನ್ ಕೇಳಿ, ಅದಕ್ಕೆ ತಿಂಗಳಿಗಿಷ್ಟು ವಹಿವಾಟು ಆಗಲೇಬೇಕೆಂಬ ಷರತ್ತು ಇದೆಯೇ ಎಂದು ಸಹಿಗೆ ಮೊದಲೇ ಓದಿಕೊಳ್ಳಿ.